ಸಹಾಯ ಬೇಕು: ವಿಶ್ವದ ಕೊನೆಯನ್ನು ಮಕ್ಕಳಿಗೆ ಹೇಗೆ ಹೇಳಲಿ?

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮೊನ್ನೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು, "ಮಿಸ್, ಸೂರ್ಯ ಆರಿದ ಮೇಲೆ ಉಳಿದ ನಕ್ಷತ್ರಗಳೂ ಆರಿಹೋಗ್ತವಾ?" ಹೌದು ಅಂದೆ. ಅವಳ ಮುಖ ಬಾಡಿತು.

ಸೂರ್ಯನಿಗೆ ಇನ್ನೂ ಸುಮಾರು 500 ಕೋಟಿ ವರ್ಷ ಇದೆ, ಚಿಕ್ಕ ಕೆಂಪು ನಕ್ಷತ್ರಗಳು ಲಕ್ಷಾಂತರ ಕೋಟಿ ವರ್ಷ ಉರಿಯುತ್ತವೆ ಅಂತ ಸಮಾಧಾನ ಹೇಳಿದೆ. ಅಲ್ಲಿವರೆಗೆ ಸುಲಭ. ಕಷ್ಟ ಆಗಿರುವುದು ಡಾರ್ಕ್ ಎನರ್ಜಿ, ಅಂದರೆ ವಿಶ್ವವನ್ನು ಇನ್ನಷ್ಟು ವೇಗವಾಗಿ ಹಿಗ್ಗಿಸುತ್ತಿದೆ ಅನ್ನುವ, ಏನೆಂದು ಇನ್ನೂ ಗೊತ್ತಿಲ್ಲದ ಶಕ್ತಿ. ವಿಶ್ವ ಹಿಗ್ಗುವ ವೇಗ ಹೆಚ್ಚುತ್ತಿದೆ ಅಂತ 1998ರಲ್ಲಿ ದೂರದ ಸೂಪರ್‌ನೋವಾಗಳನ್ನು (ಸಿಡಿಯುವ ನಕ್ಷತ್ರಗಳನ್ನು) ನೋಡಿ ಗೊತ್ತಾಯಿತು. ಹಾಗೇ ಮುಂದುವರಿದರೆ ಕೊನೆಗೆ ಬರೀ ಕತ್ತಲು, ಚಳಿ. ಆದರೆ ಅಮೆರಿಕದ ಅರಿಜೋನಾದಲ್ಲಿರುವ, ಗ್ಯಾಲಕ್ಸಿಗಳ ನಕ್ಷೆ ಮಾಡುವ ಡೆಸಿ ಉಪಕರಣದ 2024 ಮತ್ತು 2025ರ ಫಲಿತಾಂಶಗಳಲ್ಲಿ ಆ ಶಕ್ತಿ ಕುಗ್ಗುತ್ತಿರಬಹುದು ಎಂಬ ಸುಳಿವಿದೆ. ಇನ್ನೂ ಖಚಿತವಾಗಿಲ್ಲ. ನಿಜವಾದರೆ ಕೊನೆಯ ಕಥೆಯೇ ಬದಲಾಗಬಹುದು, ಅಲ್ವಾ?

ಹಿಗ್ಗುವುದನ್ನು ಬಲೂನ್ ಊದಿ ತೋರಿಸುತ್ತೇನೆ. ವೇಗ ಹೆಚ್ಚುವುದನ್ನು ತೋರಿಸಲು ನನ್ನ ಹತ್ತಿರ ಏನೂ ಇಲ್ಲ. ಜಾಸ್ತಿ ಖರ್ಚಿಲ್ಲದ ಪ್ರಯೋಗವೋ, ಒಳ್ಳೆ ಹೋಲಿಕೆಯೋ ಇದ್ದರೆ ದಯವಿಟ್ಟು ತಿಳಿಸಿ. ಸುಮ್ನೆ ವಿಡಿಯೋ ತೋರಿಸಿ ಮುಗಿಸಲು ಮನಸ್ಸಿಲ್ಲ. ಶುಕ್ರವಾರ ಮತ್ತೆ ಅದೇ ಕ್ಲಾಸು. ಆ ಹುಡುಗಿ ಮುಂದಿನ ಬೆಂಚಿನಲ್ಲೇ ಕೂರುತ್ತಾಳೆ.