ಮೋತಿಬಿಂದು ಆಪರೇಷನ್ ಆದ ತಿಂಗಳಿಗೆ ಮತ್ತೆ ಮಸುಕು: ಚಸ್ಮಾ ಮಾಡಿಸಬೇಕೋ, ರೆಟಿನಾ ತೋರಿಸಬೇಕೋ?

ಪ್ರಶ್ನೆ (ಗದಗ): ನಮಸ್ಕಾರ ಡಾಕ್ಟ್ರೇ. ನಮ್ಮ ಅವ್ವನಿಗೆ 64 ವರ್ಷ, ಶುಗರ್ ಇದೆ. ಬಲಗಣ್ಣಿಗೆ ಮೋತಿಬಿಂದು ಆಪರೇಷನ್ ಆಗಿ ತಿಂಗಳ ಮೇಲಾಯ್ತು. ಪಟ್ಟಿ ಬಿಚ್ಚಿದ ದಿನ ಗಡಿಯಾರದ ಮುಳ್ಳೂ ಕಾಣಿಸ್ತದೆ ಅಂತ ಖುಷಿಯಾಗಿದ್ದಳು. ಈಗ ಅದೇ ಕಣ್ಣು ಮಸುಕು. ಅಕ್ಕಿ ಹಸನು ಮಾಡುವಾಗ ಹರಳು ಸಿಗುವುದಿಲ್ಲ, ಕಿಟಕಿ ಸರಳು ನಟ್ಟನಡುವೆ ಡೊಂಕಾಗಿ ಕಾಣುತ್ತವಂತೆ. ನೋವಿಲ್ಲ, ಕೆಂಪಿಲ್ಲ. ಲೆನ್ಸ್ ಸರಿ ಕೂತಿಲ್ಲ ಅಂತ ಪಕ್ಕದ ಮನೆಯವರು, ನಂಬರ್ ಬದಲಾಗಿದೆ ಅಂತ ಚಸ್ಮಾ ಅಂಗಡಿಯವರು. ಏನು ಮಾಡೋದು?

ಉತ್ತರ (ರೆಟಿನಾ ಡಾಕ್ಟರ್, ಹುಬ್ಬಳ್ಳಿ): ಚಸ್ಮಾ ಈಗಲೇ ಮಾಡಿಸಬೇಡಿ, ದುಡ್ಡು ದಂಡ. ಮೊದಲು ಚೆನ್ನಾಗಿ ಕಂಡು, ನಾಲ್ಕರಿಂದ ಆರು ವಾರದ ಹೊತ್ತಿಗೆ ಮಸುಕಾಗಿ, ಅದರ ಜೊತೆ ಸರಳು ಡೊಂಕು ಕಂಡರೆ ನನಗೆ ಮೊದಲು ಬರುವ ಅನುಮಾನ ರೆಟಿನಾದ, ಅಂದ್ರೆ ಕಣ್ಣಿನ ಹಿಂದಿನ ಪರದೆಯ, ನಟ್ಟನಡುವಿನ ಜಾಗ, ಅಂದ್ರೆ ಮ್ಯಾಕುಲಾ, ಊದಿಕೊಂಡಿದೆ ಅಂತ. ಆಪರೇಷನ್ ಎಷ್ಟೇ ಚೆನ್ನಾಗಿ ಆಗಿದ್ದರೂ ಇದು ಬರಬಹುದು, ಶುಗರ್ ಇದ್ದವರಲ್ಲಿ ಜಾಸ್ತಿ. ಕಿಟಕಿ ಗಾಜು ಒರೆಸಿಕೊಟ್ಟರು ಅಂತ ಒಳಗಿನ ಗೋಡೆಯ ಪಸಿ ಹೋಗುತ್ತದೆಯೇ? ಲೆನ್ಸ್ ಬೇರೆ, ಹಿಂದಿನ ಪರದೆ ಬೇರೆ.

ಹನಿ ಹಾಕಿ ಪಾಪೆ ಅಗಲ ಮಾಡಿ ರೆಟಿನಾ ನೋಡಿಸಿ, ಜೊತೆಗೆ ಓಸಿಟಿ ಸ್ಕ್ಯಾನ್, ಅಂದ್ರೆ ಬೆಳಕಿನಿಂದ ರೆಟಿನಾದ ಪದರಗಳ ಚಿತ್ರ ತೆಗೆಯುವುದು. ಅದಕ್ಕೆ ಸೂಜಿ ಇಲ್ಲ, ಕಣ್ಣಿಗೆ ಏನೂ ತಾಗುವುದಿಲ್ಲ, ಗದ್ದ ಇಟ್ಟು ಒಳಗಿನ ಚುಕ್ಕೆ ನೋಡುತ್ತಾ ಕೂತರೆ ಕೆಲವೇ ನಿಮಿಷ. ಎಷ್ಟು ಊದಿದೆ ಅಂತ ಮೈಕ್ರಾನ್ ಲೆಕ್ಕದಲ್ಲಿ ತೋರಿಸುತ್ತದೆ. ಆ ಪ್ರಿಂಟ್ ಕಳೆಯಬೇಡಿ, ಮುಂದಿನ ಸಲ ಅದಕ್ಕೇ ಹೋಲಿಸಿ ನೋಡುವುದು. ಯಂತ್ರ ಎಲ್ಲ ಕಡೆ ಇರುವುದಿಲ್ಲ, ಫೋನ್ ಮಾಡಿ ಕೇಳಿಯೇ ಹೊರಡಿ. ಆಪರೇಷನ್ ಮಾಡಿದವರ ಡಿಸ್ಚಾರ್ಜ್ ಚೀಟಿ, ಶುಗರ್ ರಿಪೋರ್ಟ್ ಎರಡೂ ಬೇಕು.

ಊತ ಇದ್ದರೆ ಸಾಮಾನ್ಯವಾಗಿ ಹನಿಯಿಂದಲೇ ಶುರು. ಬಹಳ ಜನರಿಗೆ ಕೆಲವು ವಾರ, ಒಮ್ಮೊಮ್ಮೆ ಕೆಲವು ತಿಂಗಳಲ್ಲಿ ಇಳಿಯುತ್ತದೆ. ಶುಗರ್‌ನಿಂದಲೇ ರೆಟಿನಾ ಕೆಟ್ಟಿದ್ದರೆ ಕಣ್ಣಿನೊಳಗೆ ಇಂಜೆಕ್ಷನ್ ಬೇಕಾಗಬಹುದು. ಮನೆಯಲ್ಲಿ ಉಳಿದ ಹಳೆ ಸ್ಟೀರಾಯ್ಡ್ ಹನಿಯನ್ನು ನೀವೇ ಶುರು ಮಾಡಬೇಡಿ. ಕೆಲವರಿಗೆ ಅದರಿಂದ ಕಣ್ಣಿನ ಪ್ರೆಶರ್ ಏರುತ್ತದೆ.

ಪ್ರಶ್ನೆ (ಹಾವೇರಿ): ಸರ್, ನಮ್ಮ ಮಾವನವರಿಗೂ ಹೀಗೇ ಮಸುಕಾಗಿತ್ತು. ಲೇಸರ್ ಹೊಡೆದರು, ಅವತ್ತೇ ಮನೆಗೆ ಕಳಿಸಿದರು, ಸರಿಯಾಯ್ತು. ಗದಗಿನವರಿಗೂ ಅದೇ ಅಲ್ವಾ?

ಉತ್ತರ: ಅದು ಬೇರೆ. ಹೊಸ ಲೆನ್ಸ್ ಹಿಂದಿನ ತೆಳು ಪೊರೆ ಮಬ್ಬಾದಾಗ ಯಾಗ್ ಲೇಸರ್ ಹೊಡೆಯುತ್ತೇವೆ. ಅದು ಸಾಮಾನ್ಯವಾಗಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಆದ ಮೇಲೆ ಬರುವುದು, ಅದರಲ್ಲಿ ಸರಳು ಡೊಂಕಾಗುವುದಿಲ್ಲ. ರೆಟಿನಾ ನೋಡದೆ ಸುಮ್ನೆ ಲೇಸರ್ ಹೊಡೆಸಿಕೊಳ್ಳಬೇಡಿ.

ಪ್ರಶ್ನೆ (ಧಾರವಾಡ): ಆಪರೇಷನ್‌ಗೆ ಮೊದಲೇ ರೆಟಿನಾ ಯಾಕೆ ನೋಡಲಿಲ್ಲ ಅವರು? ನಮ್ಮ ಅಪ್ಪಾಜಿಗೆ ನೋಡಿದ್ದರು.

ಉತ್ತರ: ನೋಡಿರಬಹುದು, ಆಗ ಊತ ಇಲ್ಲದೆಯೂ ಇರಬಹುದು. ಇನ್ನು ಮೋತಿಬಿಂದು ಪೂರ್ತಿ ಬಲಿತಿದ್ದರೆ ಎದುರಿನಿಂದ ಏನೂ ಕಾಣುವುದಿಲ್ಲ. ಆಗ ಬಿ-ಸ್ಕ್ಯಾನ್, ಅಂದ್ರೆ ಕಣ್ಣಿನ ಅಲ್ಟ್ರಾಸೌಂಡ್, ಮಾಡುತ್ತೇವೆ. ಪರದೆ ಕಿತ್ತಿದೆಯೇ, ಒಳಗೆ ರಕ್ತ ಇದೆಯೇ ಅಂತ ಅದು ಹೇಳುತ್ತದೆ, ಆದರೆ ಮ್ಯಾಕುಲಾದ ಸಣ್ಣ ಊತ ಅದಕ್ಕೆ ಸಿಗುವುದಿಲ್ಲ. ಅದಕ್ಕೇ ಶುಗರ್ ಇದ್ದವರು ಮೋತಿಬಿಂದು ತೆಗೆದ ಮೇಲೆ ಮತ್ತೊಮ್ಮೆ ರೆಟಿನಾ ತೋರಿಸಬೇಕು. ಮೊದಲ ವಾರ ಹೋಗಿ ಬಂದು, ಕಾಣ್ತದೆ ಬಿಡ್ರಿ ಅಂತ ತಿಂಗಳಿನ ತಪಾಸಣೆ ಬಿಡುವವರೇ ಜಾಸ್ತಿ.

ಎಲ್ಲರೂ ಒಂದು ಗಮನದಲ್ಲಿಡಿ. ಇದ್ದಕ್ಕಿದ್ದಂತೆ ಮಿಂಚು ಹೊಡೆದಂತಾಗಿ ಕಪ್ಪು ಚುಕ್ಕೆಗಳು ಹಾರಾಡಿದರೆ, ಒಂದು ಬದಿಯಿಂದ ಪರದೆ ಇಳಿದಂತೆ ನೆರಳು ಬಂದರೆ ಅದೇ ದಿನ ಬನ್ನಿ, ರೆಟಿನಾ ಕಿತ್ತಿರಬಹುದು. ಚಿಕ್ಕಂದಿನಿಂದ ಜಾಸ್ತಿ ಮೈನಸ್ ನಂಬರ್ ಇದ್ದವರಿಗೆ ಈ ಅಪಾಯ ಹೆಚ್ಚು. ಆಪರೇಷನ್ ಆದ ಮೊದಲ ದಿನಗಳಲ್ಲಿ ನೋವು, ಕೆಂಪು ಏರಿ ದೃಷ್ಟಿ ಇಳಿದರೆ ಸೋಂಕಿರಬಹುದು, ಅದಕ್ಕೂ ಬೆಳಗಿನ ತನಕ ಕಾಯಬೇಡಿ.

ಪ್ರಶ್ನೆ (ಗದಗ): ಶುಕ್ರವಾರ ಹುಬ್ಬಳ್ಳಿಗೆ ಕರೆದುಕೊಂಡು ಬರ್ತೀವಿ. ಬೈಕಿನ ಮೇಲೆ ಬಂದರೆ ನಡೀತದಾ? ಎಡಗಣ್ಣಿನ ಆಪರೇಷನ್‌ಗೂ ಮುಂದಿನ ತಿಂಗಳು ಬರೆದುಕೊಟ್ಟಿದ್ದಾರೆ.

ಉತ್ತರ: ಬಸ್ಸಿಗೋ ರೈಲಿಗೋ ಬನ್ನಿ. ಹನಿ ಹಾಕಿದ ಮೇಲೆ ಕೆಲವು ತಾಸು ಬಿಸಿಲು ಕಣ್ಣಿಗೆ ಚುಚ್ಚುತ್ತದೆ, ಕಪ್ಪು ಚಸ್ಮಾ ಇರಲಿ. ಎಡಗಣ್ಣಿನದು ಸ್ವಲ್ಪ ತಡೆಯಿರಿ ಅಂತ ಅವರಿಗೆ ಹೇಳಿ. ಬಲಗಣ್ಣಿನ ಓಸಿಟಿ ನೋಡಿ, ಶುಗರ್ ಹತೋಟಿಗೆ ತಂದು, ಆಪರೇಷನ್‌ಗೆ ಮುಂಚಿನಿಂದಲೇ ಊತ ತಡೆಯುವ ಹನಿ ಶುರು ಮಾಡುವುದೋ ಬೇಡವೋ ಅಂತ ಅವರ ಜೊತೆ ಮಾತಾಡಿ ತೀರ್ಮಾನಿಸೋಣ.