ಆರ್ಡುಯಿನೋ ಮಳೆಮಾಪಕ: 3,276 ಮಿ.ಮೀ. ದಾಟಿದ ಕೂಡಲೇ ಮಳೆ ಮೈನಸ್ ತೋರಿಸುತ್ತಿದೆ (ಪರಿಹಾರ ಸಿಕ್ಕಿದೆ)

ಮೇಗರವಳ್ಳಿ_ತೋಟ · ಆಗಸ್ಟ್ 6, ಬೆಳಿಗ್ಗೆ 9:10

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಲ್ಲಿ, ಮೇಗರವಳ್ಳಿ ಹತ್ತಿರ ನಮ್ಮ ಅಡಿಕೆ ತೋಟ. ಅಂಗಳದಲ್ಲಿ ಟಿಪ್ಪಿಂಗ್ ಬಕೆಟ್ ಮಳೆಮಾಪಕ ಇಟ್ಟಿದ್ದೇನೆ. 0.2 ಮಿ.ಮೀ. ಮಳೆಗೆ ಒಳಗಿನ ತೊಟ್ಟಿ ಒಂದು ಸಲ ಮಗುಚುತ್ತದೆ, ರೀಡ್ ಸ್ವಿಚ್ ತಾಗುತ್ತದೆ, ಆರ್ಡುಯಿನೋ ಊನೋ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್ ಒಂದು ಎಣಿಸುತ್ತದೆ. ಲೆಕ್ಕ ಜನವರಿ 1ರಿಂದ.

ನಿನ್ನೆ ರಾತ್ರಿ ಮಲಗುವಾಗ 3268.4 ಇತ್ತು. ಬೆಳಿಗ್ಗೆ ಎದ್ದು ನೋಡಿದರೆ -3241.2!

ಕೋಡ್‌ನಲ್ಲಿ ಎಣಿಕೆ ಇಂಟ್, ಅಂದರೆ ಪೂರ್ಣ ಸಂಖ್ಯೆ ಇಡುವ ವಿಧ. ಲ್ಯಾಪ್‌ಟಾಪ್‌ಗೆ ಕಳಿಸುವ ಸಾಲು ಇದು:

ಲಾಂಗ್ ಮಳೆ = ಎಣಿಕೆ * 2;

ಅಲ್ಲಿಂದ ಮುಂದೆ ಹತ್ತರಿಂದ ಭಾಗಿಸುವ ಕೆಲಸ ಲ್ಯಾಪ್‌ಟಾಪ್‌ನದು. ಲಾಂಗ್ 200 ಕೋಟಿ ತನಕ ಹಿಡಿಯುತ್ತದೆ ಅಲ್ವಾ? ಇದೇ ಸಾಲನ್ನು ಲ್ಯಾಪ್‌ಟಾಪ್‌ನಲ್ಲೇ ಓಡಿಸಿದೆ. 20,000 ಕೊಟ್ಟರೆ 40,000 ಸರಿಯಾಗಿ ಬರುತ್ತದೆ. ಹಾಗಾದರೆ ಬೋರ್ಡ್ ಕೆಟ್ಟಿದೆಯಾ? ತೋಟದಲ್ಲಿ ಕೊಳೆ ರೋಗ ಕಾಣಿಸಿಕೊಂಡಿದೆ, ಎರಡನೇ ಸುತ್ತು ಬೋರ್ಡೋ ದ್ರಾವಣ ಹೊಡೆಸಬೇಕು. ಮೊದಲ ಸುತ್ತಿನಿಂದ ಎಷ್ಟು ಮಳೆ ಬಿತ್ತು ಅನ್ನುವುದು ನನಗೆ ಗೊತ್ತಾಗಲೇಬೇಕು.

ಗಾಂಧಿಬಜಾರ್_ಸರ್ಕ್ಯೂಟ್ · ಆಗಸ್ಟ್ 6, ಬೆಳಿಗ್ಗೆ 9:55

ಬೋರ್ಡ್ ಸರಿಯಾಗಿಯೇ ಇದೆ. ನಿಮ್ಮ ಮಳೆಯೂ ಎಲ್ಲೂ ಹೋಗಿಲ್ಲ. -3241.2ಕ್ಕೆ 6553.6 ಕೂಡಿಸಿ. 3312.4 ಬರುತ್ತದೆ, ಅದೇ ನಿಜವಾದ ಲೆಕ್ಕ.

ಊನೋದಲ್ಲಿ ಇಂಟ್ ಅಂದರೆ 16 ಬಿಟ್. 32,767ರ ತನಕ ಮಾತ್ರ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಅದು 32 ಬಿಟ್, ಹಾಗಾಗಿ ಅಲ್ಲಿ ಪರೀಕ್ಷೆ ಪಾಸಾಯಿತು. ಎಣಿಕೆಯೂ ಇಂಟ್, 2 ಕೂಡ ಇಂಟ್. ಗುಣಾಕಾರ ಇಂಟ್‌ನಲ್ಲೇ ಮುಗಿದು, ಆಮೇಲೆ ಲಾಂಗ್‌ಗೆ ಹೋಗುತ್ತದೆ. ಸಣ್ಣ ಕೊಳಗದಲ್ಲಿ ಅಳೆದು ದೊಡ್ಡ ಚೀಲಕ್ಕೆ ಸುರಿದ ಹಾಗೆ. ಚೀಲ ಎಷ್ಟು ದೊಡ್ಡದಿದ್ದರೂ ಚೆಲ್ಲುವುದು ಕೊಳಗದಲ್ಲೇ. 16,384ನೇ ಸಲ ತೊಟ್ಟಿ ಮಗುಚಿದಾಗ ಎರಡರಷ್ಟು 32,768 ಆಯಿತು, ಚೆಲ್ಲಿತು.

ಸದ್ಯಕ್ಕೆ ಆ ಸಾಲಿನಲ್ಲಿ 2ರ ಬದಲು 2ಎಲ್ ಅಂತ ಬರೆಯಿರಿ, ಗುಣಾಕಾರ ಲಾಂಗ್‌ನಲ್ಲೇ ನಡೆಯುತ್ತದೆ. ಆದರೆ ಎಣಿಕೆಯೂ 6553.4 ಮಿ.ಮೀ.ಗೆ ತುಂಬಿಹೋಗುತ್ತದೆ. ಶಿವಮೊಗ್ಗ ಪೇಟೆಯಲ್ಲಾದರೆ ಅಷ್ಟು ಮಳೆ ಯಾವ ವರ್ಷವೂ ಬರುವುದಿಲ್ಲ. ನಿಮ್ಮ ಪಕ್ಕದ ಆಗುಂಬೆಯಲ್ಲಿ ವರ್ಷದ ಸರಾಸರಿಯೇ 7,000 ದಾಟುತ್ತದೆ. ಎಣಿಕೆಯನ್ನೇ ಯುಇಂಟ್32_ಟಿ (ಮೈನಸ್ ಇಲ್ಲದ 32 ಬಿಟ್ ಸಂಖ್ಯೆ) ಮಾಡಿಬಿಡಿ. ಈಪ್ರಾಮ್‌ನಲ್ಲಿ (ಕರೆಂಟ್ ಹೋದರೂ ಅಳಿಯದ ಮೆಮೊರಿ) ಉಳಿಸುತ್ತಿದ್ದರೆ ಒಂದು ಎಚ್ಚರಿಕೆ. ಈಗ ಅಲ್ಲಿರುವುದು ಎರಡೇ ಬೈಟ್. ಒಂದು ಸಲ ಹಳೇ ಇಂಟ್ ಆಗಿಯೇ ಓದಿ, ಹೊಸದಾಗಿ ನಾಲ್ಕು ಬೈಟ್ ಬರೆಯಿರಿ. ಇಲ್ಲದಿದ್ದರೆ ಪಕ್ಕದ ಕಸವೂ ಸೇರಿಕೊಳ್ಳುತ್ತದೆ.

ಸಾಗರ_ಕೋಡ್ · ಆಗಸ್ಟ್ 6, ಮಧ್ಯಾಹ್ನ 1:20

ಪರಿಹಾರ ಸರಿ ಇದೆ. ಆದರೂ ಕೇಳಲೇಬೇಕು. ಇದರಲ್ಲಿ ತೋಟದವರ ತಪ್ಪು ಏನಿದೆ ಮಾರಾಯ್ರೆ? ಜಾವಾದಲ್ಲಿ ಇಂಟ್ ಅಂದರೆ 32 ಬಿಟ್, ಯಾವ ಯಂತ್ರದಲ್ಲಾದರೂ ಅಷ್ಟೇ. ಈ ಕೋಡ್‌ನ ಮೂಲವಾದ ಸಿ ಭಾಷೆಯ ಸ್ಟ್ಯಾಂಡರ್ಡ್ (ಅಧಿಕೃತ ನಿಯಮ) ಮಾತ್ರ ಇಂಟ್ ಕನಿಷ್ಠ ಇಷ್ಟಿರಬೇಕು ಅಂತ ಹೇಳಿ ಕೈತೊಳೆದುಕೊಂಡಿದೆ. ಇಂಟ್ ಮೀರಿದರೆ ಏನಾಗುತ್ತದೆ ಅನ್ನುವುದನ್ನೂ ಹೇಳುವುದಿಲ್ಲ. ಕೆಲಸ ಮಾಡುವವನಿಗೆ ಬೇಕಾದ ಎರಡು ವಿಷಯ ಅವೇ. ನಾನಂತೂ ಎಲ್ಲ ಪ್ರಾಜೆಕ್ಟ್‌ಗೂ ಕಂಪೈಲರ್‌ಗೆ (ಕೋಡನ್ನು ಯಂತ್ರದ ಭಾಷೆಗೆ ಬದಲಿಸುವ ತಂತ್ರಾಂಶ) -ಎಫ್‌ರಾಪ್‌ವಿ ಅನ್ನುವ ಆಯ್ಕೆ ಕೊಡುತ್ತೇನೆ. ಮೀರಿದರೆ ಸುತ್ತಿ ಮೈನಸ್ ಕಡೆಯಿಂದ ಬರುತ್ತದೆ ಅನ್ನುವ ಖಾತ್ರಿಯಾದರೂ ಇರುತ್ತದೆ.

ಸಿ_ಮೇಷ್ಟ್ರು · ಆಗಸ್ಟ್ 6, ಸಂಜೆ 6:45

ಸಾಗರದವರ ಸಿಟ್ಟು ನನಗೆ ಅರ್ಥವಾಗುತ್ತದೆ. ಪಾಠ ಮಾಡುವಾಗ ಮಕ್ಕಳೂ ಇದನ್ನೇ ಕೇಳುತ್ತಿದ್ದರು.

1989ರಲ್ಲಿ ಸಿ ಭಾಷೆಗೆ ಮೊದಲ ಸ್ಟ್ಯಾಂಡರ್ಡ್ ಬಂದಾಗ ಒಂದೊಂದು ಯಂತ್ರದ ಅಳತೆ ಒಂದೊಂದು ತರ ಇತ್ತು. ಎಲ್ಲದರಲ್ಲೂ ಭಾಷೆ ಓಡಬೇಕಿತ್ತು. ಹಾಗಾಗಿ ಇಂಟ್ ಕನಿಷ್ಠ -32,767ರಿಂದ 32,767 ಹಿಡಿಯಬೇಕು ಅಂತ ಮಾತ್ರ ಬರೆದರು. ಅದು ಬರೀ ಹಳೇ ಕಾಲದ ಮಾತಲ್ಲ. ಊನೋದ ಚಿಪ್ 8 ಬಿಟ್‌ನದು, ರ‍್ಯಾಮ್ 2 ಕೆ.ಬಿ. ಅಲ್ಲಿ ಪ್ರತಿ ಇಂಟ್ 32 ಬಿಟ್ ಆಗಿದ್ದರೆ ಹತ್ತರ ತನಕ ಎಣಿಸುವುದಕ್ಕೂ ನಾಲ್ಕು ಬೈಟ್ ಕೊಡಬೇಕಿತ್ತು. ಗಾತ್ರ ಮುಖ್ಯವಾದ ಕಡೆ ಬಳಸಲಿ ಅಂತಲೇ 1999ರ ಸ್ಟ್ಯಾಂಡರ್ಡ್‌ನಲ್ಲಿ ಯುಇಂಟ್32_ಟಿ ತರದ ಹೆಸರುಗಳನ್ನು ಸೇರಿಸಿದರು.

ಮೀರುವ ವಿಷಯದಲ್ಲಿ ನಾನೂ ಅರ್ಧ ನಿಮ್ಮ ಕಡೆಯೇ. ಹೊಸ ಸ್ಟ್ಯಾಂಡರ್ಡ್‌ಗಳಾದ ಸಿ++20, ಸಿ23 ಎರಡೂ ಮೈನಸ್ ಸಂಖ್ಯೆಯ ಬಿಟ್ ರೂಪವನ್ನು ಒಂದೇ ತರ ಮಾಡಿದವು. ಆದರೂ ಮೀರಿದರೆ ಏನು ಅನ್ನುವುದನ್ನು ಹಾಗೇ ಬಿಟ್ಟವು. ಕಾರಣ ಇಷ್ಟೇ: ಮೀರುವುದೇ ಇಲ್ಲ ಅಂತ ಕಂಪೈಲರ್ ನಂಬಿದರೆ ಕೋಡ್ ಚಿಕ್ಕದಾಗುತ್ತದೆ. ಒಂದೇ ಸಾಲಿನಲ್ಲಿ ಎಣಿಕೆ * 2 / 10 ಅಂತ ಬರೆದಿದ್ದರೆ, ಕಂಪೈಲರ್ ಅದನ್ನು ಸೀದಾ ಎಣಿಕೆ / 5 ಮಾಡಬಹುದಿತ್ತು. ಆಗ ಈ ತಪ್ಪು ಇವತ್ತು ಕಾಣುತ್ತಲೇ ಇರಲಿಲ್ಲ. ಮುಂದೆ ಎಂದೋ ಕಂಪೈಲರ್ ಬದಲಾದ ದಿನ ಕಾಣುತ್ತಿತ್ತು. ಇದು ನನಗೂ ಇಷ್ಟವಿಲ್ಲ.

ಎಲ್ಲರೂ ಸ್ಟ್ಯಾಂಡರ್ಡ್ ಹೇಳಿದಂತೆಯೇ ನಡೆಯುತ್ತಾರೆ ಅಂತಲೂ ಇಲ್ಲ. ದಶಮಾಂಶ ಸಂಖ್ಯೆ ಇಡುವ ಡಬಲ್‌ಗೆ ಕನಿಷ್ಠ ಹತ್ತು ಅಂಕಿಯ ನಿಖರತೆ ಬೇಕು ಅನ್ನುವುದು ನಿಯಮ. ಊನೋದಲ್ಲಿ ಡಬಲ್ ಅಂದರೂ ಫ್ಲೋಟ್ ಅಂದರೂ ಅದೇ ನಾಲ್ಕು ಬೈಟ್, ಏಳು ಅಂಕಿ ಸಿಕ್ಕರೆ ಹೆಚ್ಚು. ಚಿಪ್ ಚಿಕ್ಕದು, ಹಾಗಾಗಿ ನಿಯಮ ಬಿಟ್ಟರು. ಕೈಪಿಡಿಯಲ್ಲಿ ಬರೆದಿಟ್ಟಿದ್ದಾರೆ, ನನ್ನ ತಕರಾರಿಲ್ಲ. -ಎಫ್‌ರಾಪ್‌ವಿ ಕೂಡ ಹಾಗೆಯೇ, ಜಿಸಿಸಿ ಕಂಪೈಲರ್‌ನವರು ಬರೆದು ಕೊಟ್ಟ ಮಾತು. ಅದನ್ನು ನಂಬಿ ಕೆಲಸ ಮಾಡುವುದು ತಪ್ಪಲ್ಲ. "ನನ್ನ ಯಂತ್ರದಲ್ಲಿ ಇಷ್ಟು ದಿನ ಸರಿ ಬಂತು" ಅನ್ನುವುದನ್ನು ಮಾತ್ರ ಯಾರೂ ಬರೆದು ಕೊಟ್ಟಿಲ್ಲ.

ಈಗ ಈ ತೋಟದ ಲೆಕ್ಕಕ್ಕೆ -ಎಫ್‌ರಾಪ್‌ವಿ ಹಾಕಿ ನೋಡಿ. ಏನು ಬರುತ್ತದೆ? ಖಾತ್ರಿಯಾಗಿ -3241.2 ಬರುತ್ತದೆ. ಬಿದ್ದ ಮಳೆ ಮೈನಸ್ ಆಗುವುದಿಲ್ಲವಲ್ಲ.

ಸಾಗರ_ಕೋಡ್ · ಆಗಸ್ಟ್ 6, ಸಂಜೆ 7:30

ಕೊನೆಯ ಮಾತು ಒಪ್ಪಿದೆ ಸರ್. ಇಲ್ಲಿ ಬೇಕಾಗಿದ್ದು ದೊಡ್ಡ ಕೊಳಗವೇ. ಆದರೂ ಹೊಸ ಸ್ಟ್ಯಾಂಡರ್ಡ್ ಬರೆಯುವವರು ಇಂಥ ತೋಟದ ಕೋಡನ್ನೂ ಒಮ್ಮೆ ನೋಡಲಿ ಅನ್ನುವುದು ನನ್ನ ಆಸೆ.

ಮೇಗರವಳ್ಳಿ_ತೋಟ · ಆಗಸ್ಟ್ 8, ರಾತ್ರಿ 8:15

ಯುಇಂಟ್32_ಟಿ ಮಾಡಿದೆ, ಈಪ್ರಾಮ್ ಕೂಡ ಹೇಳಿದ ಹಾಗೆ ಬದಲಿಸಿದೆ. ಎರಡು ದಿನ ಚೆನ್ನಾಗಿತ್ತು. ಇವತ್ತು ಹೊಸದೊಂದು ಶುರು. ಹತ್ತು ಸೆಕೆಂಡಿಗೆ ಒಂದು ಸಾಲು ಬರುತ್ತದೆ. ಮೂರು ಸಾಲು ಹೀಗಿವೆ:

3379.0
3430.2
3379.2

ಹತ್ತು ಸೆಕೆಂಡಿನಲ್ಲಿ 51 ಮಿ.ಮೀ. ಮಳೆ ಆಗುಂಬೆಯಲ್ಲೂ ಬರುವುದಿಲ್ಲ. ಎಣಿಕೆಗೆ ವೊಲಟೈಲ್ ಅಂತ ಹಾಕಿದ್ದೇನೆ. ಅಷ್ಟು ಸಾಲದಾ?

ಗಾಂಧಿಬಜಾರ್_ಸರ್ಕ್ಯೂಟ್ · ಆಗಸ್ಟ್ 8, ರಾತ್ರಿ 8:50

ಸಾಲದು. 51.2ನ್ನು 0.2ರಿಂದ ಭಾಗಿಸಿ. 256 ಬಂತು ಅಲ್ವಾ? ಅಂದರೆ ಒಂದು ಬೈಟ್ ಮುಂದಕ್ಕೆ ಹಾರಿದೆ.

ಈ ಚಿಪ್ ಒಂದು ಸಲಕ್ಕೆ ಒಂದೇ ಬೈಟ್ ಓದುತ್ತದೆ. ಎಣಿಕೆ 16,895 ಇದ್ದಾಗ ಕೆಳಗಿನ ಬೈಟ್ 255, ಅದರ ಮೇಲಿನದು 65. ಮೊದಲು 255 ಓದಿತು. ಅದೇ ಹೊತ್ತಿಗೆ ತೊಟ್ಟಿ ಮಗುಚಿ ಇಂಟರಪ್ಟ್ (ನಡೆಯುತ್ತಿರುವ ಕೆಲಸವನ್ನು ನಡುವೆ ನಿಲ್ಲಿಸುವ ಸಂಕೇತ) ಬಂತು, ಎಣಿಕೆ 16,896 ಆಯಿತು. ಕೆಳಗಿನ ಬೈಟ್ ಸೊನ್ನೆ, ಮೇಲಿನದು 66. ವಾಪಸ್ ಬಂದು 66 ಓದಿತು. ಹಳೇ 255, ಹೊಸ 66 ಸೇರಿ 17,151 ಆಯಿತು. ಅದೇ ನಿಮ್ಮ 3430.2.

ಪ್ರತಿ ಸಲವೂ ಮೆಮೊರಿಯಿಂದಲೇ ಓದು ಅಂತ ವೊಲಟೈಲ್ ಹೇಳುತ್ತದೆ, ಅಷ್ಟೇ. ನಡುವೆ ಯಾರೂ ಕೈ ಹಾಕುವುದಿಲ್ಲ ಅನ್ನುವ ಮಾತನ್ನು ಸ್ಟ್ಯಾಂಡರ್ಡ್ ಅದರ ಹೆಸರಲ್ಲಿ ಕೊಟ್ಟಿಲ್ಲ. ನೋಇಂಟರಪ್ಟ್ಸ್() ಕರೆಯಿರಿ, ಎಣಿಕೆಯನ್ನು ಬೇರೆ ವೇರಿಯೆಬಲ್‌ಗೆ ನಕಲು ಮಾಡಿ, ಕೂಡಲೇ ಇಂಟರಪ್ಟ್ಸ್() ಕರೆಯಿರಿ. ಗುಣಾಕಾರ, ಕಳಿಸುವುದು ಎಲ್ಲ ಆ ನಕಲಿನ ಮೇಲೆ. ಅಷ್ಟರಲ್ಲಿ ತೊಟ್ಟಿ ಮಗುಚಿದರೂ ಎಣಿಕೆ ತಪ್ಪುವುದಿಲ್ಲ. ಚಿಪ್ ನೆನಪಿಟ್ಟುಕೊಂಡು ಆಮೇಲೆ ಎಣಿಸುತ್ತದೆ.

ಮೇಗರವಳ್ಳಿ_ತೋಟ · ಆಗಸ್ಟ್ 12, ಬೆಳಿಗ್ಗೆ 9:05

ನಾಲ್ಕು ದಿನ ಆಯಿತು, ಒಂದು ಸಾಲೂ ಹಾರಿಲ್ಲ. ಅಪ್ಪ ದಿನಾ ಬೆಳಿಗ್ಗೆ 8:30ಕ್ಕೆ ಅಳತೆ ಗಾಜಿನಲ್ಲಿ ನೋಡಿ ನೋಟ್‌ಬುಕ್‌ಗೆ ಬರೆಯುತ್ತಾರೆ. ಇವತ್ತು ಅವರದು 41, ನನ್ನದು 40.6. ಕೋಡ್‌ನ ಆ ಸಾಲಿನ ಮೇಲೆ "ಊನೋದಲ್ಲಿ ಇಂಟ್ 16 ಬಿಟ್, ಬದಲಿಸಬೇಡಿ" ಅಂತ ಬರೆದಿಟ್ಟಿದ್ದೇನೆ. ಸುಣ್ಣ, ಮೈಲುತುತ್ತ ತಂದಾಗಿದೆ. ನಾಳೆ ಹೊಳವಾದರೆ ಔಷಧಿ ಹೊಡೆಯಲು ಕೊನೆಗೌಡರು ಬರುತ್ತೇನೆ ಅಂದಿದ್ದಾರೆ.