ಸಂಡೂರಲ್ಲಿ ನೋಡಿದ ಕಲ್ಲು, ಪದರ ಹಿಂಗೆ ಮಡಚ್ಕೊಂಡಿದ್ದು ಹೆಂಗೆ?

ಗುಡ್ಡತಿರುಕ:
ಹೋದ ವಾರ ಸಂಡೂರು ಕಡೆ ಟ್ರೆಕ್ಕಿಂಗ್ ಹೋಗಿದ್ವಿ. ದಾರಿ ಪಕ್ಕ ಒಂದು ಬಂಡೆ, ಕೆಂಪು ಕಪ್ಪು ಗೆರೆ ಗೆರೆ, ಒಂದೊಂದು ಗೆರೆ ಬೆರಳಷ್ಟೂ ದಪ್ಪ ಇಲ್ಲ, ಆದ್ರೆ ನೆಟ್ಟಗಿಲ್ಲ, ಸೀರೆ ನಿರಿಗೆ ಹಿಡಿದಂಗೆ ಮಡಚ್ಕೊಂಡಿದೆ. ಸುತ್ತಿಗೇಲಿ ಹೊಡುದ್ರೆ ಚೂರಾಗೋ ಕಲ್ಲು ಮುರೀದೆ ಹೆಂಗ್ರೀ ಬಾಗ್ತು? ಜೊತೇಲಿದ್ದೋನು ಲಾವಾ ಹರಿದು ಹಂಗಾಗಿದೆ ಅಂತಾನೆ, ನಂಗ್ಯಾಕೋ ನಂಬಿಕೆ ಬರ್ತಿಲ್ಲ.

ಕಲ್ಲುಮಣ್ಣು:
ಲಾವಾ ಅಲ್ಲ ಬಿಡಿ. ಅದು ಸಮುದ್ರದ ತಳದಲ್ಲಿ ಕಬ್ಬಿಣ ಒಂದು ಪದರ ಸಿಲಿಕಾ ಒಂದು ಪದರ ಅಂತ ಕೂತ್ಕೊಂಡು ಆಗಿರೋ ಕಲ್ಲು, 250 ಕೋಟಿ ವರ್ಷಕ್ಕೂ ಹಳೇದು. ಆಮೇಲೆ ಅದು ಆಳಕ್ಕೆ ಹೂತು ಹೋಗಿ, ಕಾದು, ಪಕ್ಕದಿಂದ ಒತ್ತಡ ಬಿದ್ದಿದೆ. ಕರಗಿರಲ್ಲ, ಗಟ್ಟಿಯಾಗೇ ಇರುತ್ತೆ, ಆದ್ರೆ ಅದ್ರಲ್ಲಿರೋ ಬೆಣಚು (ಸಿಲಿಕಾದ ಹರಳು, ಕ್ವಾರ್ಟ್ಜ್) ಸುಮಾರು 300 ಡಿಗ್ರಿ ದಾಟಿದ್ರೆ ಮುರಿಯೋ ಬದ್ಲು ಮೆಲ್ಲಗೆ ಬಾಗುತ್ತೆ. ನಿಮ್ ಸುತ್ತಿಗೆ ಏಟು ಒಂದು ಕ್ಷಣ, ಇದು ಲಕ್ಷಾಂತರ ವರ್ಷದ ಕೆಲ್ಸ. ಪುಸ್ತಕ ಪೇರಿಸಿದ ಮರದ ಹಲಗೆ ವರ್ಷ ಕಳೆದಂಗೆ ಜೋತು ಬೀಳಲ್ವಾ, ಹಂಗೆ.

ಜಮಖಾನ:
ಸ್ಕಾಟ್ಲೆಂಡಿನ ಭೂವಿಜ್ಞಾನಿ ಜೇಮ್ಸ್ ಹಾಲ್ ಇದನ್ನೇ ಮಾಡಿ ನೋಡಿದ್ದ, ಅವನ ಬರಹ 1815ರಲ್ಲಿ ಪ್ರಿಂಟ್ ಆಯ್ತು. ಟೇಬಲ್ ಮೇಲೆ ಬಟ್ಟೆ ಮೇಲೆ ಬಟ್ಟೆ ಹಾಸಿ, ಕೀಲು ಬಿಚ್ಚಿದ್ದ ಒಂದು ಬಾಗಿಲನ್ನ ಅದರ ಮೇಲೆ ಮಲಗಿಸಿ ಭಾರ ಹೇರಿ, ಎರಡು ತುದೀಲೂ ಹಲಗೆ ನಿಲ್ಸಿ ಕೊಡತೀಲಿ ಹೊಡೆದ. ಅವನು ಅಲ್ಲಿನ ಸಮುದ್ರದಂಡೆ ಬಂಡೇಲಿ ನೋಡಿದ್ದಂಗೇ ಬಟ್ಟೆ ಮಡಿಕೆ ಬಿತ್ತು. ನೀವೂ ನೆಲದ ಮೇಲೆ ಮಾಡಿ ನೋಡಿ, ತೆಳ್ಳನೆ ಪಂಚೆ ತಳ್ಳಿದ್ರೆ ಸಣ್ಣ ನಿರಿಗೆ, ಜಮಖಾನ ತಳ್ಳಿದ್ರೆ ದೊಡ್ಡ ಅಲೆ. ಕಲ್ಲಲ್ಲೂ ಅಷ್ಟೇ, ಗಟ್ಟಿ ಪದರ ದಪ್ಪ ಇದ್ದಷ್ಟೂ ಮಡಿಕೆ ದೊಡ್ದು. ಬರೀ ಬಗ್ಗೋದಲ್ಲ, ಪದರಗಳು ಒಂದರ ಮೇಲೊಂದು ಜಾರ್ತಾವೂ ಇರುತ್ವೆ, ನೋಟ್‌ಬುಕ್ ಬಗ್ಗಿಸಿ ಅದರ ಅಂಚು ನೋಡಿದ್ರೆ ಗೊತ್ತಾಗುತ್ತೆ.

ಹೊಳೆದಂಡೆ:
ಒಂದು ವಿಷ್ಯ, ಎಲ್ಲಾ ಮಡಿಕೆನೂ ಆಳದಲ್ಲೇ ಆಗಿರ್ಬೇಕು ಅಂತಿಲ್ಲ. ಇನ್ನೂ ಕೆಸರಾಗಿದ್ದಾಗಲೇ ಇಳಿಜಾರಲ್ಲಿ ಜಾರಿ ಸುರುಳಿ ಸುತ್ಕೊಂಡಿರೋದೂ ಇದೆ. ಮೇಲಿನ ಪದರ ಕೆಳಗಿನ ಪದರ ಎರಡೂ ಸಪಾಟಾಗಿದ್ದು ನಡುವಿಂದು ಮಾತ್ರ ಗೋಜಲಾಗಿದ್ರೆ ಅದ್ರ ಮೇಲೆ ಡೌಟ್ ಪಡಿ.

ಗುಡ್ಡತಿರುಕ:
ಫೋಟೋ ಝೂಮ್ ಮಾಡಿದೆ, ಮೇಲಿಂದ ಕೆಳಗಿನವರೆಗೂ ಎಲ್ಲಾ ಪದರನೂ ಒಂದೇ ಥರ ಬಾಗಿದೆ. ಬಾಗಿರೋ ನೆತ್ತೀಲಿ ಮಾತ್ರ ಸಣ್ಣ ಸಣ್ಣ ಬಿಳಿ ಗೆರೆ, ಅದೇನು?

ಕಲ್ಲುಮಣ್ಣು:
ಬೆಣಚು ಇರ್ಬೇಕು. ಬಾಗೋವಾಗ ನೆತ್ತಿ ಹೊರಗಡೆ ಎಳೆದಂಗಾಗಿ ಬಿರುಕು ಬಿಡುತ್ತೆ, ಸಿಲಿಕಾ ಕರಗಿರೋ ಬಿಸಿನೀರು ಅದ್ರೊಳಗೆ ನುಗ್ಗಿ ಗಟ್ಟಿಯಾಗುತ್ತೆ. ಅಂದ್ರೆ ಒಂಚೂರು ಮುರಿದೂ ಇದೆ ನೋಡಿ.